ಚೂಡಾಮಣಿ ಬಚ್ಚಿಟ್ಟ ಕಾರ್ಡು

“ಪುಳಿಯೋಗರೆ ಬೇಡವೇ ಬೇಡ! ಪೂರಿ!” ಎಂದು ಸೀನು ನೆಲಕ್ಕೆ ಕಾಲು ಅಪ್ಪಳಿಸಿದ.

“ತಣ್ಣಗಾದ ಪೂರಿ ಯಾರು ಅಗೀತಾರೆ? ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಮುಗೀತು. ಬಾಯಿ ಮುಚ್ಚು,” ಎಂದಳು ಚೂಡಾಮಣಿ.

ಅವಳಿಗೆ ಹತ್ತು ವರ್ಷ, ಸೀನುಗೆ ಐದು. ಆದರೆ ನಾಳೆ ಭಾನುವಾರದ ಪ್ರಯಾಣದ ಯಜಮಾನಿಕೆ ಪೂರ್ತಿ ಅವಳದೇ. ಜಯನಗರದ ಆ ಮನೆಯ ಜಗಲಿಯಲ್ಲಿ ಕೂತು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಪ್ಲ್ಯಾನ್ ಬರೆಯುತ್ತಿದ್ದಳು. ಹತ್ತು ಗಂಟೆಗೆ ಬಸ್ ಸ್ಟಾಪು. ಹನ್ನೊಂದಕ್ಕೆ ಕಬ್ಬನ್ ಪಾರ್ಕು. ಮೊದಲು ಪುಟಾಣಿ ರೈಲು. ಆಮೇಲೆ ಜಾರುಬಂಡೆ, ಉಯ್ಯಾಲೆ, ಊಟ. ಊಟ ಆದಮೇಲೆ ಮತ್ತೆ ಪುಟಾಣಿ ರೈಲು.

“ನಾಲ್ಕೂವರೆಗೆ ರಾಹುಕಾಲ!” ಎಂದು ಅಡುಗೆಮನೆಯಿಂದ ಅಜ್ಜಿ ಕೂಗಿದರು. “ಅಷ್ಟರಲ್ಲಿ ಮನೆ ಸೇರಬೇಕು, ಬರ್ಕೋ!”

ಚೂಡಾಮಣಿ ಹಲ್ಲು ಕಚ್ಚಿಕೊಂಡು ಅದನ್ನೂ ಬರೆದಳು. ರಾಹುಕಾಲವಂತೆ. ಈ ಮನೆಯಲ್ಲಿ ಒಂದು ರೈಲು ಹತ್ತಬೇಕಾದರೆ ಎಷ್ಟು ಜನರ ಅಪ್ಪಣೆ ಬೇಕು!

ಕಬ್ಬನ್ ಪಾರ್ಕಿಗೆ ಮಕ್ಕಳ ರೈಲು ಬಂದು ಎಷ್ಟೋ ತಿಂಗಳಾಗಿತ್ತು. ಅವಳ ಕ್ಲಾಸಿನಲ್ಲಿ ಅದನ್ನು ಹತ್ತದವರೇ ಇಲ್ಲ. ಎದುರುಮನೆ ಸತ್ಯಭಾಮಾ ಎರಡು ಸಲ ಹತ್ತಿದ್ದಳು. “ಕೂ ಅಂತ ನಿಜವಾಗ್ಲೂ ಸೀಟಿ ಹೊಡೆಯುತ್ತೆ ಕಣೇ! ನಿಮ್ಮನೇಲಿ ಕರ್ಕೊಂಡು ಹೋಗಲ್ಲ ಬಿಡು,” ಎಂದು ಎಲ್ಲರೆದುರು ಹೇಳಿ ನಕ್ಕಿದ್ದಳು.

ಕರೆದುಕೊಂಡು ಹೋಗುವುದಿಲ್ಲ ಎಂದೇನಲ್ಲ. ಹೊರಡುವುದು, ನಿಲ್ಲುವುದು. ಮೊದಲನೇ ಸಲ ಸೀನುಗೆ ಮಂಗಬಾವು ಬಂತು. ಎರಡನೇ ಸಲ ಅಪ್ಪನ ಆಫೀಸಿನಲ್ಲಿ ಇನ್‌ಸ್ಪೆಕ್ಷನ್ ಎಂದು ಭಾನುವಾರವೇ ಕರೆ ಬಂತು. ಮೂರನೇ ಸಲದ್ದಂತೂ ಕೇಳಬೇಡಿ. ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಶ್ರೀನಗರದ ನೆಂಟರು ಐದು ಜನ ಬಂದು ಇಳಿದರು. ಪಾರ್ಕಿಗೆಂದು ಕಟ್ಟಿದ್ದ ಬುತ್ತಿಯನ್ನು ಬಿಚ್ಚಿಸಿ ತಿಂದರು. “ಚಿತ್ರಾನ್ನಕ್ಕೆ ಉಪ್ಪು ಸ್ವಲ್ಪ ಕಡಿಮೆ,” ಎಂದು ಬೇರೆ ಹೇಳಿದರು. ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ಈ ಸಲ ಮಾತ್ರ ಆಕಾಶ ಕಳಚಿ ಬಿದ್ದರೂ ಹೋಗುವುದೇ. ತಾತನೂ ಬರುತ್ತಾರೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಆದರೂ, “ಕಾಣದೇ ಇದ್ರೇನು, ಸೀಟಿ ಕೇಳಿಸುತ್ತಲ್ಲ,” ಎಂದು ಬೆಳಗಿನಿಂದ ಕುಣಿಯುತ್ತಿದ್ದರು.

“ಪೋಸ್ಟ್!”

ಗೇಟಿನ ಬಳಿ ಸೈಕಲ್ ಬೆಲ್ಲು. ಚೂಡಾಮಣಿ ಓಡಿದಳು. ಒಂದು ಕಾರ್ಡು. ಮೇಲೆ ತಾತನ ಹೆಸರು. ತಿರುಗಿಸಿದಳು. ಯಾವಾಗಲೂ ಕಾರ್ಡಿನ ತಲೆಯಲ್ಲಿ ‘ಶ್ರೀ’ ಎಂದಿರುತ್ತದೆ, ಕೆಳಗೆ ‘ಕ್ಷೇಮ’ ಎಂದಿರುತ್ತದೆ. ಇದರಲ್ಲಿ ಎರಡೂ ಇರಲಿಲ್ಲ.

‘ನಮ್ಮ ತಂದೆ ಚಕ್ರಪಾಣಿಯವರು ಬುಧವಾರ ಬೆಳಗಿನ ಜಾವ ದೈವಾಧೀನರಾದರು. ಹತ್ತನೆಯ ದಿನಕ್ಕೆ ದೊಡ್ಡಪ್ಪನವರು ಬರಬೇಕು. ತುರುವೇಕೆರೆ.’

ಚಕ್ರಪಾಣಿ ಎಂದರೆ ತಾತನ ಚಿಕ್ಕಪ್ಪನ ಮಗ. ಹೆಸರು ಕೇಳಿದ್ದಳು ಅಷ್ಟೆ, ಮುಖ ನೋಡಿರಲಿಲ್ಲ.

ಕಾರ್ಡು ಹಿಡಿದು ಅವಳು ಗೇಟಿನ ಬಳಿಯೇ ನಿಂತಳು. ಇದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾಯಾದಿ ತೀರಿಕೊಂಡರೆ ಇಡೀ ಮನೆಗೆ ಸೂತಕ. ಪೂಜೆ ಇಲ್ಲ, ಹಬ್ಬ ಇಲ್ಲ, ಆಟ ಇಲ್ಲ. ಸಾವಿನಿಂದ ಹತ್ತು ದಿನ ಲೆಕ್ಕ ಹಾಕಿದರೆ ಮುಂದಿನ ಶುಕ್ರವಾರ. ಆಮೇಲೆ ತಿಥಿಯ ಊಟ, ಊರಿಗೆ ಹೋಗಿ ಬರುವುದು. ರೈಲು ಎರಡು ವಾರ ಮುಂದಕ್ಕೆ. ಇನ್ನೂ ಎರಡು ವಾರ!

ಹೋದ ವರ್ಷವೂ ಹೀಗೇ ಆಗಿತ್ತು. ಹಾಸನದಲ್ಲಿ ಯಾರೋ ಹೋದರೆಂದು ದೀಪಾವಳಿಗೆ ಎರಡು ದಿನ ಮುಂಚೆ ಕಾರ್ಡು ಬಂತು. ಹೊಸ ಲಂಗ ಟ್ರಂಕಿನಲ್ಲೇ ಉಳಿಯಿತು. ಆಗ ಅಜ್ಜಿಯೇ ಗೊಣಗಿದ್ದರು. “ಹಾಳು ಕಾರ್ಡು, ಹಬ್ಬ ಕಳೆದ ಮೇಲೆ ಬರಬಾರದಿತ್ತೇ? ಕಿವಿಗೆ ಬೀಳೋವರೆಗೂ ಮೈಲಿಗೆ ಇಲ್ಲ.”

ಕಿವಿಗೆ ಬೀಳುವವರೆಗೂ ಮೈಲಿಗೆ ಇಲ್ಲ!

ಚೂಡಾಮಣಿ ಹಿಂದೆ ತಿರುಗಿ ನೋಡಿದಳು. ಅಪ್ಪ ಆಫೀಸಿನಿಂದ ಇನ್ನೂ ಬಂದಿಲ್ಲ. ತಾತ ನಿದ್ದೆಯಲ್ಲಿದ್ದರು. ಅಮ್ಮ ಒಲೆಯ ಮುಂದೆ. ಪೋಸ್ಟ್‌ಮ್ಯಾನ್ ಈ ಕಾರ್ಡನ್ನು ಸೋಮವಾರ ತಂದಿದ್ದರೆ? ತರಬಹುದಿತ್ತಲ್ಲ! ಹಾಗಾದರೆ ಸೋಮವಾರವೇ ಬಂತು ಎಂದುಕೊಂಡರಾಯಿತು. ಸಮಾಜ ಪಾಠದ ಪುಸ್ತಕದ ಖಾಕಿ ರ‍್ಯಾಪರಿನೊಳಗೆ ಕಾರ್ಡನ್ನು ತೂರಿಸಿದಳು.

“ಯಾರೇ ಅದು?” ಎಂದು ಅಜ್ಜಿ ಕೇಳಿದರು.

“ಯಾರೂ ಇಲ್ಲ!”

“ಯಾರೂ ಇಲ್ಲದ್ದಕ್ಕೆ ಯಾಕೆ ಹಾಗೆ ಕಿರುಚ್ತೀ? ಹೋಗು, ಸಂಜೆ ಪೂಜೆಗೆ ದಾಸವಾಳ, ಕಣಗಿಲೆ ಏನಿದೆಯೋ ಕಿತ್ಕೊಂಡು ಬಾ.”

ಅವಳು ತನ್ನ ಕೈ ನೋಡಿಕೊಂಡಳು. ಬೇರೆಯವರ ಕಿವಿಗೆ ಬಿದ್ದಿಲ್ಲ, ಸರಿ. ತನಗೆ ಗೊತ್ತಾಯಿತಲ್ಲ! ಈಗ ಈ ಮನೆಯಲ್ಲಿ ಮೈಲಿಗೆ ಇರುವುದು ತನಗೊಬ್ಬಳಿಗೇ. ಆ ಕೈಯಲ್ಲಿ ದೇವರ ಹೂವು ಮುಟ್ಟುವುದೇ?

“ಸೀನುಗೆ ಹೇಳಿ.”

“ಅವನಿಗೆ ಎಟುಕುತ್ತೇನೇ? ಒಂದು ಕೆಲಸ ಹೇಳಿದ್ರೆ ನೂರು ನೆಪ!”

ಹೂವು ಕಿತ್ತು ತಂದು ಬುಟ್ಟಿಯನ್ನು ಕುಕ್ಕಿದಳು. ದೇವರಿಗೆ ಕೋಪ ಬಂದರೆ ಬರಲಿ. ತನಗೆ ಬಂದಿಲ್ಲವೇ? ಮಂಗಬಾವು ಕೊಟ್ಟವನು ಅವನೇ, ಶ್ರೀನಗರದ ನೆಂಟರನ್ನು ಕಳಿಸಿದವನೂ ಅವನೇ. ಆ ಚಕ್ರಪಾಣಿ ತಾತನಾದರೂ ಏನು, ಸಾಯುವುದಕ್ಕೆ ಇವರಿಗೆ ಬೇರೆ ವಾರ ಸಿಗಲಿಲ್ಲವೇ? ಹಾಗೆ ಅಂದುಕೊಂಡ ಕೂಡಲೇ ಅವಳಿಗೆ ಭಯವಾಯಿತು. ಭಯವಾದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಸೀನು ಕೋಡುಬಳೆ ಡಬ್ಬಕ್ಕೆ ಕೈ ಹಾಕಿದಾಗ ಅವನ ಕೈಮೇಲೆ ಪಟೀರನೆ ಒಂದು ಬಿತ್ತು.

ಅಪ್ಪ ಬಂದರು. ಕಾಫಿ ಕುಡಿಯುತ್ತ ಪ್ಲ್ಯಾನ್ ನೋಡಿ ನಕ್ಕರು. “ಎರಡು ಸಲ ರೈಲಾ? ಆಗಲಿ ಕಣಮ್ಮ, ಈ ಸಲ ಯಾರು ಬಂದರೂ ನಿಲ್ಲೋದಿಲ್ಲ.”

ಬೇರೆ ದಿನವಾಗಿದ್ದರೆ ಅವಳು ಹಾರಿ ಕುಣಿಯುತ್ತಿದ್ದಳು. ಈಗ ಪ್ಲ್ಯಾನನ್ನು ಅವರ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು.

“ಚೂಡಿ, ಬಾ ಇಲ್ಲಿ,” ಎಂದು ಜಗಲಿಯಿಂದ ತಾತ ಕರೆದರು. ನಿದ್ದೆಯಿಂದ ಎದ್ದು, ಮುಖ ತೊಳೆದು, ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಒಂದು ಖಾಲಿ ಕಾರ್ಡು. “ನನ್ನ ಕಣ್ಣಿಗೆ ಅಕ್ಷರ ಕಾಣಲ್ಲ. ನಾನು ಹೇಳ್ತೀನಿ, ನೀನು ಬರಿ.”

“ಯಾರಿಗೆ?”

“ತುರುವೇಕೆರೆ ಚಕ್ರಪಾಣಿಗೆ.”

ಚೂಡಾಮಣಿ ಅವರ ಮುಖ ನೋಡದೆ ಕಾರ್ಡು, ಪೆನ್ನು ಎತ್ತಿಕೊಂಡಳು.

“ಈ ರೈಲಿನ ಗಲಾಟೇಲಿ ಅವನು ನೆನಪಾದ ನೋಡು,” ಎಂದು ತಾತ ನಕ್ಕರು. “ನಾವಿಬ್ರೂ ನಿನ್ನಷ್ಟಿದ್ದಾಗ ಮನೇಲಿ ಹೇಳದೆ ಬಾಣಸಂದ್ರದವರೆಗೂ ನಡ್ಕೊಂಡು ಹೋಗಿದ್ವಿ, ರೈಲು ನೋಡೋಕೆ. ವಾಪಸ್ ಬಂದ್ಮೇಲೆ ಬಿತ್ತು ಏಟು! ನಾನೇ ಕರ್ಕೊಂಡು ಹೋದೆ ಅಂತ ಅವನು ಬಾಯಿ ಬಿಡಲಿಲ್ಲ. ನನ್ನ ಪಾಲಿನದೂ ಅವನೇ ತಿಂದ. ಹೂಂ, ಬರಿ. ಮೇಲೆ ಶ್ರೀ.”

ಅವಳು ಬರೆದಳು.

“ಕ್ಷೇಮ.”

ಬರೆದಳು. ಪೆನ್ನು ಕಾರ್ಡನ್ನು ಗೀರುತ್ತಿತ್ತು.

“ಚಿರಂಜೀವಿ ಚಕ್ರಪಾಣಿಗೆ ಅಣ್ಣನ ಆಶೀರ್ವಾದಗಳು.”

ಪೆನ್ನು ನಿಂತಿತು. ಚಿರಂಜೀವಿ. ಚಿಕ್ಕವರಿಗೆ ಕಾಗದ ಬರೆಯುವಾಗ ಹಾಗೇ ಬರೆಯಬೇಕು, ಬಹಳ ಕಾಲ ಬದುಕಿರಲಿ ಅಂತ ಅರ್ಥ ಎಂದು ಶಾಲೆಯಲ್ಲಿ ಮೇಡಂ ಹೇಳಿಕೊಟ್ಟಿದ್ದರು.

“ಬರೆದ್ಯಾ? ನಿನ್ನ ಕೆಮ್ಮು ಹೇಗಿದೆ? ನಾಳೆ ಮೊಮ್ಮಕ್ಕಳ ಜೊತೆ ರೈಲು ಹತ್ತುತ್ತಾ ಇದ್ದೀನಿ. ಬರೋ ತಿಂಗಳು ನೀನೂ ಬಾ. ಏನೇ, ಪೆನ್ನಿನ ಸದ್ದೇ ಇಲ್ಲ?”

“ನಾನು ಬರಿಯಲ್ಲ.”

“ಯಾಕಮ್ಮ? ಇಂಕು ಮುಗೀತಾ?”

“ಬರಿಯಲ್ಲ ಅಂದ್ರೆ ಬರಿಯಲ್ಲ!” ಪೆನ್ನನ್ನು ಎಸೆದಳು. ಅದು ಕಂಬಕ್ಕೆ ಬಡಿದು ಉರುಳಿತು. “ಏನಂತ ಬರೀಲಿ? ಅವರು ಸತ್ತುಹೋಗಿದಾರೆ! ಬುಧವಾರಾನೇ ಸತ್ತುಹೋಗಿದಾರೆ!”

ಒಳಗೆ ಬಾಣಲೆಯ ಸದ್ದು ನಿಂತಿತು. ಅಮ್ಮ ಬಂದರು, ಅಜ್ಜಿ ಬಂದರು, ಅಪ್ಪ ಕಾಫಿ ಲೋಟ ಹಿಡಿದೇ ಬಂದರು. ಚೂಡಾಮಣಿ ಪುಸ್ತಕದ ರ‍್ಯಾಪರ್ ಹರಿದು ಕಾರ್ಡನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಓದಿದರು. ಗಟ್ಟಿಯಾಗಿ ಓದಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಯಿತು.

“ಯಾವಾಗ ಬಂತು ಇದು?”

“ಮಧ್ಯಾಹ್ನ.”

“ಮಧ್ಯಾಹ್ನ ಬಂದದ್ದನ್ನ ಬಚ್ಚಿಟ್ಯಾ? ಬುದ್ಧಿ ಇದೆಯೇನೇ ನಿನಗೆ?” ಅಪ್ಪ ಹಾಗೆ ಕೂಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ಅಯ್ಯೋ, ದೇವರ ಹೂವು ಮುಟ್ಟಿದಳಲ್ಲೋ ಗೌರೀಶಂಕರ! ಎಂಥಾ ಎದೆಗಾರಿಕೆ!” ಎಂದು ಅಜ್ಜಿ ಅಪ್ಪನ ಕಡೆ ತಿರುಗಿ ಹಣೆ ಬಡಿದುಕೊಂಡರು.

“ನೀವೇ ಹೇಳಿದ್ರಿ! ಕಿವಿಗೆ ಬೀಳೋವರೆಗೂ ಇಲ್ಲ ಅಂತ ನೀವೇ ಹೇಳಿದ್ರಿ!” ಚೂಡಾಮಣಿಯ ಸ್ವರ ಒಡೆಯಿತು. “ಪ್ರತೀ ಸಲ ಹೀಗೇ! ನಾನು ಅವರನ್ನ ನೋಡೇ ಇಲ್ಲ! ನಾನು ನೋಡದೇ ಇರೋರೆಲ್ಲ ಸತ್ತರೆ ನಾನೇನು ಮಾಡ್ಲಿ?”

“ಬಾಯಿ ಮುಚ್ಚು!” ಎಂದು ಅಪ್ಪ ಕೈ ಎತ್ತಿದರು. ಅಮ್ಮ ಆ ಕೈ ಹಿಡಿದುಕೊಂಡರು.

ತಾತ ಮಾತ್ರ ಕೂಗಲಿಲ್ಲ. “ಬುಧವಾರವಾ?” ಎಂದರು. ಮತ್ತೆ, “ಬುಧವಾರ ನಾವು ಏನು ಮಾಡ್ತಿದ್ವಿ?” ಎಂದು ಕೇಳಿದರು.

ಆಮೇಲೆ ಮನೆಯಲ್ಲಿ ನೀರಿನದೇ ಸದ್ದು. ಹಿತ್ತಲಿನ ತೊಟ್ಟಿಯ ಬಳಿ ಒಬ್ಬೊಬ್ಬರಾಗಿ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಸೀನು ನೀರು ಬಿದ್ದಾಗಲೂ ಅತ್ತ, ರೈಲು ಇಲ್ಲವೆಂದಾಗಲೂ ಅತ್ತ. ಚೂಡಾಮಣಿ ಅಳಲಿಲ್ಲ. ಬೇಕೆಂದೇ ನಾಲ್ಕು ಚೊಂಬು ಹೆಚ್ಚಿಗೆ ಸುರಿದುಕೊಂಡಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಮಾತಾಡಿಸದಿದ್ದರೆ ಅಷ್ಟೇ ಹೋಯಿತು, ತನಗೂ ಯಾರೂ ಬೇಕಾಗಿಲ್ಲ ಎಂದುಕೊಂಡಳು.

ಒದ್ದೆ ಕೂದಲಿನಲ್ಲೇ ಜಗಲಿಗೆ ಬಂದಾಗ ತಾತ ಅದೇ ಕುರ್ಚಿಯಲ್ಲಿದ್ದರು. ಅವರೂ ಸ್ನಾನ ಮಾಡಿದ್ದರು, ಹೆಗಲಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಸಿಕೊಳ್ಳಲು ಸಿದ್ಧಳಾಗಿ ಅವಳು ಕಂಬಕ್ಕೆ ಒರಗಿ ನಿಂತಳು.

ಆದರೆ ತಾತ ಬೈಯುತ್ತಿದ್ದುದು ಅವಳನ್ನಲ್ಲ.

“ಕಳ್ಳ! ಹೇಳದೆ ಕೇಳದೆ ಹೊರಟುಬಿಟ್ಟ ನೋಡು!” ಎಂದು ಕುರ್ಚಿಯ ಕೈ ಗುದ್ದಿದರು. “ಯುಗಾದಿಗೆ ಹೋಗ್ತೀನಿ ಅಂದೆ. ಬಿಸಿಲು, ಬೇಡ ಅಂದ್ರು. ಸರಿ ಅಂದೆ. ದಸರೆಗೆ ಹೋಗೋಣ ಅಂದೆ. ಮಳೆ ಅಂದ್ರು. ಆಮೇಲೆ ಕಣ್ಣಿನ ಆಪರೇಷನ್ ಆಗ್ಲಿ ಅಂದ್ರು. ಅಲ್ಲಿಗೆ ಒಂದು ಬಸ್ಸು ಹತ್ತೋದು, ಇಳಿಯೋದು. ಅಷ್ಟಕ್ಕೆ ಎಷ್ಟು ಸಲ ಮುಂದಕ್ಕೆ ಹಾಕೋದು? ಎಷ್ಟು ಸಲ?”

ಚೂಡಾಮಣಿ ಬೆರಗಾಗಿ ನೋಡಿದಳು. ಇಷ್ಟು ದಿನ ತನ್ನ ಹೊಟ್ಟೆಯಲ್ಲಿ ಕುದಿಯುತ್ತಿದ್ದ ಮಾತೇ ಅದು. ತಾತನ ಗಲ್ಲ ನಡುಗುತ್ತಿತ್ತು. ಅವರಿಗೆ ಇಷ್ಟೊಂದು ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಲಂಗದ ತುದಿಯಿಂದ ಅವರ ಕಾಲಮೇಲಿನ ನೀರು ಒರೆಸಿದಳು.

“ತುಂಬ ಕೆಮ್ಮುತ್ತಿದ್ರಾ ಅವರು?” ಎಂದು ಕೇಳಿದಳು.

“ಚಿಕ್ಕಂದಿನಿಂದ್ಲೂ,” ಎಂದರು ತಾತ. “ಬಾಣಸಂದ್ರಕ್ಕೆ ಹೋಗೋವಾಗ ದಾರಿಯುದ್ದಕ್ಕೂ ಕೆಮ್ಮಿದ. ಆದ್ರೂ ನನಗಿಂತ ಮುಂದೆ ನಡೀತಿದ್ದ.”

ಸೀನು ಟವೆಲ್ ಸುತ್ತಿಕೊಂಡು ಬಂದ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು. ತಾತನ ಮುಖ ನೋಡಿ ಹೆದರಿ, ಅಕ್ಕನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದ.

“ರೈಲು ಯಾವಾಗ?”

“ಎರಡು ವಾರ ಆದ್ಮೇಲೆ.”

“ಎರಡು ವಾರಾನಾ?” ಎಂದು ಅವನು ತುಟಿ ಮುಂದಕ್ಕೆ ಮಾಡಿದ.

ಚೂಡಾಮಣಿ ತಾತನ ಕಡೆ ನೋಡಿದಳು. ಆಮೇಲೆ ಸೀನುವನ್ನು ಹತ್ತಿರ ಎಳೆದುಕೊಂಡು, ಟವೆಲಿನ ತುದಿಯಿಂದ ಅವನ ಮೂಗು ಒರೆಸಿದಳು.

“ಎರಡೇ ವಾರ ಕಣೋ,” ಎಂದಳು.