ಹೇಳದೆ ಮಾರಿದ ಷೇರುಗಳು

ನರ್ಸಮ್ಮ ಬಾಗಿಲು ತಟ್ಟದೆ ಒಳಗೆ ನುಗ್ಗಿದಾಗ ಮೇಷ್ಟರು ದೊಡ್ಡಮ್ಮನ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದರು. ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದರು. ಬೆಳಗಿನಿಂದ ಅವರ ಮನಸ್ಸು ನೆಲೆಯಲ್ಲಿರಲಿಲ್ಲ.

"ದೊಡ್ಡಮ್ಮ, ನನ್ನನ್ನ ಕಳ್ಳಿ ಅಂದ್ರು," ಎಂದಳು ನರ್ಸಮ್ಮ, ನಿಂತೇ. "ಕಾಯ್ತಾ ಕೂತಿದ್ದ ಪೇಷಂಟುಗಳೆಲ್ಲರ ಎದುರಿಗೆ. ಸಂಜೆ ಒಳಗೆ ಒಪ್ಪಿಕೊಳ್ಳದಿದ್ರೆ ನಾಳೆಯಿಂದ ಬರಬೇಡ ಅಂತಾರೆ ಡಾಕ್ಟ್ರು. ಹಾಗೆ ಆಚೆ ಹಾಕಿಸಿಕೊಂಡವಳಿಗೆ ಇನ್ಯಾವ ಆಸ್ಪತ್ರೆ ಕೆಲಸ ಕೊಡುತ್ತೆ?"

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ," ಎಂದು ದೊಡ್ಡಮ್ಮ ಅವಳಿಗೆ ಕುರ್ಚಿ ಎಳೆದು ಕೊಟ್ಟರು. "ಕೂತ್ಕೋ. ಏನು ಕಳೀತು, ಮೊದಲು ಅದನ್ನ ಹೇಳು."

"ಅದೇ ನೋಡಿ ತಮಾಷೆ. ಏನೂ ಕಳೆದಿಲ್ಲ."

ದೊಡ್ಡಮ್ಮ ಒಲೆ ಆರಿಸಿದರು. ಅವರು ಯಾರಿಗೂ ರಕ್ತಸಂಬಂಧದ ದೊಡ್ಡಮ್ಮನಲ್ಲ; ಅದಕ್ಕೇ ಇಡೀ ಕಟ್ಟಡಕ್ಕೆ ದೊಡ್ಡಮ್ಮ. ವಿಮಾ ಕಂಪನಿಯೊಂದರ ಪರವಾಗಿ, ಬೆಂಕಿ ಬಿದ್ದ ಅಂಗಡಿ ಗೋದಾಮುಗಳ ನಷ್ಟ ಅಳೆಯುವುದರಲ್ಲೇ ಕೂದಲು ಬೆಳ್ಳಗಾದವರು. ಬೂದಿ ಕೆದಕಿ, ಸುಟ್ಟದ್ದು ಒಳ್ಳೆಯ ಬಟ್ಟೆಯೋ ಹಳೇ ಗೋಣಿಯೋ ಎಂದು ಹೇಳಬಲ್ಲವರು. ನಿವೃತ್ತಿಯಾದ ಮೇಲೆ ಬೂದಿ ಸಿಗದೆ ನೆರೆಹೊರೆಯವರ ತಾಪತ್ರಯಗಳನ್ನು ಕೆದಕುತ್ತಿದ್ದರು. ಅಂಥ ಪ್ರತಿ ಸಲವೂ ಅವರ ಚೀಲ ಹಿಡಿದು ಹಿಂದೆ ಹೋಗುವುದು, ತಪ್ಪು ಊಹೆ ಮಾಡುವುದು, ಇವೆರಡೂ ಮೇಷ್ಟರ ಪಾಲಿನ ಕೆಲಸ. ಮೇಷ್ಟರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು.

ಈ ಸಲ ಮಾತ್ರ ವಿಷಯ ಅವರ ಬುಡಕ್ಕೇ ಬಂದಿತ್ತು. ಕೆಳಮಹಡಿಯ ಹಲ್ಲಿನ ಡಾಕ್ಟರು, ಪಕ್ಕದ ಕಿರಾಣಿ ಅಂಗಡಿಯ ಸಾಹುಕಾರ, ಟ್ಯಾಕ್ಸಿ ಡ್ರೈವರ್ ಮತ್ತು ಮೇಷ್ಟರು, ಈ ನಾಲ್ವರು ಹಣ ಕೂಡಿಸಿ ಷೇರು ಕೊಳ್ಳುತ್ತಿದ್ದರು. ಖಾತೆ ಡಾಕ್ಟರ ಹೆಸರಿನಲ್ಲಿತ್ತು. ವ್ಯವಹಾರಕ್ಕೆಂದೇ ಇಟ್ಟಿದ್ದ ಹಳೇ ಫೋನು ಕ್ಲಿನಿಕ್ಕಿನ ಮುಂದಿನ ಕೋಣೆಯ ಮೇಜಿನ ಡ್ರಾಯರಿನಲ್ಲಿತ್ತು. ಅದನ್ನು ತೆರೆಯುವ ಅಂಕಿಗಳನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಅಂಟಿಸಿದ್ದರು, ಮೇಷ್ಟರು ಮರೆಯುತ್ತಾರೆ ಎಂದು.

ದಿನಾ ಬೆಳಿಗ್ಗೆ ಷೇರುಪೇಟೆ ತೆರೆಯುವ ಮುಂಚೆ ನಾಲ್ವರೂ ಅಲ್ಲಿ ಸೇರಿ ಜನರ ಕೈಯಲ್ಲಿ ದುಡ್ಡು ಆಡುತ್ತಿದೆಯೇ ಇಲ್ಲವೇ ಎಂದು ಚರ್ಚಿಸುತ್ತಿದ್ದರು. ಪುಸ್ತಕದ ಜ್ಞಾನ ಯಾರಿಗೂ ಇರಲಿಲ್ಲ. ಆದ್ದರಿಂದ ಒಂದು ಪದ್ಧತಿ ಮಾಡಿಕೊಂಡಿದ್ದರು: ತನ್ನ ಕಸುಬಿನಲ್ಲಿ ಯಾರು ಏನನ್ನು ಕಣ್ಣಾರೆ ಕಾಣುತ್ತಾನೋ ಆ ಕಂಪನಿಗೆ ಅವನ ಮಾತೇ ಜಾಮೀನು. ಡಾಕ್ಟರ ಮಾತಿನ ಮೇಲೆ ಔಷಧಿ ಕಂಪನಿ, ಡ್ರೈವರನ ಮಾತಿನ ಮೇಲೆ ವಿದ್ಯುತ್ ಕಂಪನಿ, ಮೇಷ್ಟರ ಮಾತಿನ ಮೇಲೆ ಮಕ್ಕಳ ಬೂಟಿನ ಕಂಪನಿ, ಸಾಹುಕಾರನ ಮಾತಿನ ಮೇಲೆ ಬಿಸ್ಕತ್ತು, ಸೋಪು, ತಲೆಗೆಣ್ಣೆ. ನಾಲ್ವರೂ ಹೂಂ ಅನ್ನದೆ ಒಂದು ಷೇರನ್ನೂ ಮಾರುವಂತಿರಲಿಲ್ಲ.

ಇತ್ತೀಚೆಗೆ ಚರ್ಚೆಯಲ್ಲಿ ಚಡಪಡಿಕೆಯೇ ಹೆಚ್ಚು. ದವಡೆ ಹಲ್ಲಿಗೆ ಟೊಪ್ಪಿಗೆ ಹಾಕಿಸಬೇಕಾದವರು ಕಿತ್ತುಬಿಡಿ ಸಾಕು ಅನ್ನುತ್ತಾರೆ ಎಂದು ಡಾಕ್ಟರು ಕೊರಗುತ್ತಿದ್ದರು. ಟ್ಯಾಕ್ಸಿ ಹತ್ತಿದವರು ರಸ್ತೆ ಬಿಟ್ಟು ಮೀಟರನ್ನೇ ನೋಡುತ್ತಾರೆ, ಎಲ್ಲಾ ಮಾರಿ ಕೈ ತೊಳೆದುಕೊಳ್ಳೋಣ ಎಂದು ಡ್ರೈವರ್ ದಿನಾ ಜಗಳ ತೆಗೆಯುತ್ತಿದ್ದ. ಸಾಹುಕಾರನೊಬ್ಬನೇ ನಗುನಗುತ್ತಾ, ತನ್ನ ಅಂಗಡಿಯಲ್ಲಿ ಮಾಲು ನಿಲ್ಲುತ್ತಿಲ್ಲ, ಇಳಿಸಿದ್ದು ಸಂಜೆಯೊಳಗೆ ಖಾಲಿ ಎನ್ನುತ್ತಿದ್ದ. ಹೋದ ವಾರ ಡ್ರೈವರ್ ಕೊನೆಗೂ ಆ ಮಾತಿಗೆ ಸೋತು, ಮಗಳ ಕಾಲೇಜಿಗೆಂದು ಇಟ್ಟಿದ್ದ ಹಣವನ್ನೂ ತಂದು ಬಿಸ್ಕತ್ತಿಗೆ ಸುರಿದಿದ್ದ.

ಈ ದಿನ ಬೆಳಿಗ್ಗೆ ಬಿಸ್ಕತ್ತು, ಸೋಪು, ತಲೆಗೆಣ್ಣೆ ಮೂರೂ ಜಿಗಿದಿದ್ದವು. ಬಿಸ್ಕತ್ತು ಕಂಪನಿ ಪೊಟ್ಟಣ ಚಿಕ್ಕದು ಮಾಡಿ, ಬೆಲೆ ಹಾಗೇ ಇಟ್ಟು, ದೊಡ್ಡ ಲಾಭ ತೋರಿಸಿತ್ತು. ಉಳಿದ ಮೂವರ ಎದುರಿಗೆ ಡಾಕ್ಟರು ಹಿಗ್ಗಿನಿಂದ ಡ್ರಾಯರ್ ಎಳೆದು ಫೋನು ತೆರೆದರೆ ಆ ಮೂರೂ ಷೇರುಗಳು ಇಲ್ಲ. ಹಿಂದಿನ ದಿನ ಮಧ್ಯಾಹ್ನ ಯಾರೋ ಮಾರಿದ್ದರು. ಹಣ ಖಾತೆಯಲ್ಲೇ ಇತ್ತು, ಡಾಕ್ಟರ ಬ್ಯಾಂಕಿಗಲ್ಲದೆ ಅದು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಆದರೆ ಬರಬಹುದಾಗಿದ್ದ ಲಾಭ ಕಣ್ಣೆದುರಿಗೇ ಹಾರಿಹೋಗುತ್ತಿತ್ತು. ಡಾಕ್ಟರು ಕೆಲಸ ಬಿಟ್ಟು, ಕಾದಿದ್ದ ರೋಗಿಗಳನ್ನೆಲ್ಲ ಸಂಜೆ ಬನ್ನಿ ಎಂದು ಕಳಿಸಿದರು. ಕಳಿಸುವ ಮುಂಚೆ ಅವರೆದುರಿಗೇ ನರ್ಸಮ್ಮನ ಮೇಲೆ ಕೂಗಾಡಿದ್ದರು.

"ನಿನ್ನ ಮೇಲೇ ಯಾಕೆ?" ಎಂದು ಕೇಳಿದರು ದೊಡ್ಡಮ್ಮ.

ಹಿಂದಿನ ದಿನ ಡಾಕ್ಟರು ಊಟಕ್ಕೆ ಮೇಲೆ ಹೋಗಿದ್ದಾಗ ತಾನು ಒಳಕೋಣೆಯಲ್ಲಿ ಸಲಕರಣೆ ಕುದಿಸುತ್ತಿದ್ದೆ, ಮುಂಬಾಗಿಲು ತೆರೆದೇ ಇತ್ತು ಎಂದಳು ನರ್ಸಮ್ಮ. ಬೇರೆ ಬೇರೆ ಹೊತ್ತಿಗೆ ಮೇಷ್ಟರು ಪೇಪರ್ ಓದಲು ಬಂದಿದ್ದರು, ಡ್ರೈವರ್ ಬಾಟಲಿಗೆ ನೀರು ತುಂಬಿಕೊಂಡು ಹೋದ, ಸಾಹುಕಾರ ಚಿಲ್ಲರೆ ಕೇಳಿಕೊಂಡು ಬಂದಿದ್ದ. ಆದರೆ ಮಾರಿದ್ದು ಸಾಹುಕಾರನ ಜಾಮೀನಿನ ಷೇರುಗಳನ್ನು ಮಾತ್ರ. ಅವನ ಮೇಲೆ ಹಗೆಯಿರುವವರೇ ಮಾಡಿದ್ದು ಎಂದು ಡಾಕ್ಟರ ಲೆಕ್ಕ; ಮೊನ್ನೆ ಅವನೊಡನೆ ಅಂಗಡಿಯಲ್ಲಿ ಜಗಳ ಆಡಿದ್ದವಳು ನರ್ಸಮ್ಮ.

"ಸೋಪಿನ ಪುಡೀದು ದೊಡ್ಡ ಚೀಲ ಕೇಳಿದೆ. ಚಿಕ್ಕದನ್ನೇ ತಗೊಂಡು ಹೋಗಮ್ಮ ಅಂದ. ದೊಡ್ಡದಕ್ಕೆ ನನ್ನ ಹತ್ರ ದುಡ್ಡಿಲ್ವಾ ಅಂತ ಬಾಯಿಗೆ ಬಂದಂಗೆ ಅಂದುಬಿಟ್ಟೆ. ಅದನ್ನ ಡಾಕ್ಟ್ರೂ ಕೇಳಿಸಿಕೊಂಡಿದ್ರು."

ಅವಳು ಹೋದ ಮೇಲೆ ಮೇಷ್ಟರು ತಮ್ಮ ಊಹೆ ಮಂಡಿಸಿದರು. ಡ್ರೈವರನೇ ಇರಬೇಕು. ಮಾರೋಣ ಮಾರೋಣ ಎಂದು ಬಾಯಿ ಬಡಿದುಕೊಳ್ಳುತ್ತಿದ್ದವನು ಅವನೊಬ್ಬನೇ.

"ನಿಮ್ಮ ಬಾಯಿಂದ ಇದು ಬರುತ್ತೆ ಅಂತ ಗೊತ್ತಿತ್ತು," ಎಂದು ದೊಡ್ಡಮ್ಮ ಚೀಲ ಅವರ ಕೈಗೆ ಕೊಟ್ಟರು. "ನಡೀರಿ. ಬಟಾಣಿಗೂ ಸ್ವಲ್ಪ ನೆಮ್ಮದಿ ಸಿಗಲಿ."

ಕ್ಲಿನಿಕ್ಕಿನಲ್ಲಿ ಡಾಕ್ಟರು ಟಿವಿಯ ಮುಂದೆ ಶತಪಥ ಹಾಕುತ್ತಿದ್ದರು. ಬೆಲೆ ಏರಿದ್ದನ್ನು ತೋರುವ ಹಸಿರು ಬಾಣ ಕಂಡಾಗಲೆಲ್ಲ ಯಾರೋ ಚುಚ್ಚಿದಂತೆ ಮುಖ ಕಿವುಚುತ್ತಿದ್ದರು. ದೊಡ್ಡಮ್ಮ ಕೇಳಿದ್ದು ಒಂದೇ: ಮಾರಿದ ಬಗೆ ಹೇಗೆ. ಫೋನಿನಲ್ಲಿ ನೋಡಿ ಹೇಳಿದರು ಡಾಕ್ಟರು. ಒಂದೇ ಏಟಿಗೆ ಸುರಿದಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಪ್ರತಿ ಸಲ ಮೊದಲಿಗಿಂತ ತುಸು ಹೆಚ್ಚಿನ ಬೆಲೆ ಕೇಳಿ, ಸಿಕ್ಕಿದ ಮೇಲೆ ಮುಂದಿನದ್ದು. ದೊಡ್ಡಮ್ಮ "ಹೂಂ" ಎಂದು ಮೂಗಿನಲ್ಲೇ ಅಂದು, ಸಂಜೆ ಎಲ್ಲರನ್ನೂ ಸೇರಿಸಿ ಎಂದರು.

ಅಲ್ಲಿಂದ ನೇರ ಸಾಹುಕಾರನ ಅಂಗಡಿಗೆ. ಅವನು ಎಂದಿನಂತೆ ದೊಡ್ಡ ದನಿಯಲ್ಲಿ ಬರಮಾಡಿಕೊಂಡ. ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಪೊಟ್ಟಣ, ಬೆರಳಿಡಲು ಜಾಗವಿಲ್ಲ. ತಕ್ಕಡಿಯ ತಟ್ಟೆಯಲ್ಲಿ ಬೆಕ್ಕೊಂದು ಸುತ್ತಿಕೊಂಡು ಮಲಗಿತ್ತು; ಅವರು ಬಂದರೂ ಕಣ್ಣು ತೆರೆಯಲಿಲ್ಲ. ದೊಡ್ಡಮ್ಮ ಬಿಸ್ಕತ್ತು ಕೇಳಿದರು. ಕೈಗೆ ಬಂದ ಪೊಟ್ಟಣವನ್ನು ತಿರುಗಿಸಿ ನೋಡಿ, ಹಿಂದಿನ ಸಾಲಿನದ್ದು ಕೊಡಪ್ಪ ಎಂದರು. ಎಲ್ಲಾ ಒಂದೇ ದೊಡ್ಡಮ್ಮ ಎಂದು ಅವನು ಅದನ್ನೇ ಕಟ್ಟಿಕೊಟ್ಟ. ನರ್ಸಮ್ಮನ ಸಂಗತಿ ಎತ್ತಿದ್ದೇ ತಡ ಅವನ ದನಿ ಇಳಿಯಿತು. ಹೋಗಲಿ ಬಿಡಿ ಅನ್ನಿ ಡಾಕ್ಟರಿಗೆ, ನನ್ನ ಷೇರು ಹೋಗಿದ್ದಕ್ಕೆ ನನಗೇ ಸಿಟ್ಟಿಲ್ಲ, ಅವರಿಗ್ಯಾಕೆ, ಪಾಪ, ಹೆಂಗಸು ಎಂದ.

ಹೊರಗೆ ಬಂದ ಮೇಲೆ ಮೇಷ್ಟರು ಸೋಪಿನ ಕಂಪನಿಯ ಮುದ್ರಣವನ್ನು ಬೈದರು. ಎದುರಿಗೆ ಜೋಡಿಸಿದ್ದ ಪೊಟ್ಟಣಗಳ ಮುಖದ ಕೆಂಪು ಬಿಳಚಿ ಗುಲಾಬಿಯಾಗಿದೆ, ಬದಿಯ ಕೆಂಪು ಮಾತ್ರ ಕೆಂಡದ ಹಾಗಿದೆ, ಒಂದೇ ಕಾಗದಕ್ಕೆ ಎರಡು ಬಣ್ಣ ಎಂಥ ಕೆಲಸ ಎಂದರು. ದೊಡ್ಡಮ್ಮ ನಡುಬೀದಿಯಲ್ಲಿ ನಿಂತು ಅವರನ್ನೇ ನೋಡಿದರು.

"ಮೇಷ್ಟ್ರೇ, ನಿಮ್ಮನ್ನ ಇಷ್ಟು ವರ್ಷ ಹಿಂದೆ ಕಟ್ಟಿಕೊಂಡು ತಿರುಗಿದ್ದು ಇವತ್ತು ಸಾರ್ಥಕ ಆಯ್ತು."

ಅದೇಕೆಂದು ಮೇಷ್ಟರಿಗೆ ಸಂಜೆಯವರೆಗೂ ಹೊಳೆಯಲಿಲ್ಲ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡಿದರು.

ಸಂಜೆ ಮುಂದಿನ ಕೋಣೆಯಲ್ಲಿ ಬೆಳಗಿನ ರೋಗಿಗಳೇ ಮತ್ತೆ ಬಂದು ಕೂತಿದ್ದರು. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇವರು ಸೇರಿದರು. ಡಾಕ್ಟರಿಗೆ, ದೊಡ್ಡಮ್ಮನಿಗೆ ಸ್ಟೂಲುಗಳು ಸಿಕ್ಕಿದವು. ಡ್ರೈವರ್, ಮೇಷ್ಟರು ಗೋಡೆಗೊರಗಿದರು. ನರ್ಸಮ್ಮ ತೊಟ್ಟಿಯ ಬಳಿ ನಿಂತಳು. ಬೇರೆ ಜಾಗವಿಲ್ಲದೆ ಸಾಹುಕಾರ ಹಲ್ಲು ಕೀಳುವ ಕುರ್ಚಿಯ ಮೇಲೆ ಕೂತ.

"ಹಣ ಕದಿಯೋಕೆ ಮಾರಿದ್ದಲ್ಲ. ಅದು ಹೋಗೋದಿದ್ರೂ ಡಾಕ್ಟ್ರ ಜೇಬಿಗೇ ಹೋಗಬೇಕು," ಎಂದು ಶುರುಮಾಡಿದರು ದೊಡ್ಡಮ್ಮ. "ಹಾಗಾದ್ರೆ ಸೇಡಿಗಾ? ಸೇಡು ತೀರಿಸಿಕೊಳ್ಳೋರು ಸಿಕ್ಕಿದ ಬೆಲೆಗೆ ಎಸೆದು ಓಡ್ತಾರೆ. ಇವರು ನಿಮ್ಮ ಪರವಾಗಿ ಚೌಕಾಸಿ ಮಾಡಿದಾರೆ, ಮಾರುಕಟ್ಟೆಯಲ್ಲಿ ಕೂತು ಕಾಸಿಗೆ ಕಾಸು ಏರಿಸಿದ ಹಾಗೆ. ನಿಮಗೆ ಕೆಟ್ಟದ್ದು ಬಯಸಿದವರ ಕೈಯಲ್ಲ ಅದು. ಅಲ್ಲಿಗೆ ನರ್ಸಮ್ಮ ಹೊರಗೆ."

ಡಾಕ್ಟರು ಬಾಯಿ ತೆರೆದರು. ದೊಡ್ಡಮ್ಮ ಅವರಿಗೆ ಅವಕಾಶ ಕೊಡಲಿಲ್ಲ. ಡ್ರೈವರನಿಗೆ ಎಲ್ಲಾ ಷೇರುಗಳ ಬಗ್ಗೆಯೂ ಭಯವಿತ್ತು. ಅವನಾಗಿದ್ದರೆ ಒಂದೂ ಉಳಿಸದೆ ಮಾರುತ್ತಿದ್ದ. ಖಾತೆಯೇ ಡಾಕ್ಟರದು, ಅವರಿಗೆ ಕದ್ದುಮುಚ್ಚಿ ಮಾಡುವ ದರ್ದಿಲ್ಲ. ಮೇಷ್ಟರಿಗಂತೂ ಬೆನ್ನಿಗೆ ಅಂಟಿಸಿದ ಚೀಟಿ ಓದಲು ಫೋನು ತಿರುಗಿಸಿದರೆ, ಮತ್ತೆ ಈ ಕಡೆ ತಿರುಗಿಸುವಷ್ಟರಲ್ಲಿ ಅಂಕಿ ಮರೆತುಹೋಗಿರುತ್ತದೆ.

"ಮಾರಿದವನು ಬೂಟು ಮುಟ್ಟಿಲ್ಲ, ಔಷಧಿ ಮುಟ್ಟಿಲ್ಲ, ಕರೆಂಟು ಮುಟ್ಟಿಲ್ಲ. ಒಬ್ಬನ ಮಾತಿನ ಮೇಲೆ ಕೊಂಡ ಮೂರನ್ನ ಮಾತ್ರ ಮಾರಿದಾನೆ. ಆ ಮಾತು ಸುಳ್ಳು ಅಂತ ಅವನಿಗೆ ಗೊತ್ತಿತ್ತು. ಹಾಗೆ ಖಂಡಿತವಾಗಿ ಗೊತ್ತಿರೋದು ಯಾರಿಗೆ? ಆ ಮಾತು ಹೇಳಿದವನಿಗೆ."

ಕುರ್ಚಿಯ ಮೇಲಿದ್ದವನು ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡ, ಹಲ್ಲು ಕೀಳಿಸಿಕೊಳ್ಳುವವನಂತೆ.

ದೊಡ್ಡಮ್ಮನ ದನಿ ಮೆತ್ತಗಾಯಿತು. ಅಂಗಡಿಗಳಿಗೆ ಬೆಂಕಿ ಬಿದ್ದಾಗ ಸರಕು ತುಂಬಿತ್ತು ಎಂದು ಹೇಳಿಕೊಂಡವರ ಕಪಾಟುಗಳಲ್ಲಿ ಮುಂದೆ ಒಂದು ಸಾಲು ಮಾಲು, ಹಿಂದೆ ಖಾಲಿ ರಟ್ಟು ಇದ್ದದ್ದನ್ನು ಅವರು ಎಷ್ಟೋ ಕಡೆ ಕಂಡಿದ್ದರು. ಹಿಂದಿನ ಪೊಟ್ಟಣ ಕೇಳಿದರೆ ಸಾಹುಕಾರನ ಕೈ ಹಿಂದಕ್ಕೆ ಹೋಗಲಿಲ್ಲ, ಏಕೆಂದರೆ ಹಿಂದೆ ಏನೂ ಇರಲಿಲ್ಲ. ವ್ಯಾಪಾರವಿರುವ ಅಂಗಡಿಯ ತಕ್ಕಡಿಯಲ್ಲಿ ಬೆಕ್ಕಿಗೆ ನಿದ್ದೆ ಬರುವುದಿಲ್ಲ. ಬಂದ ದಿನವೇ ಖಾಲಿಯಾಗುವ ಸೋಪಿಗೆ ಬಿಸಿಲಿನಲ್ಲಿ ಬಣ್ಣ ಕಳೆದುಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ. ಅದನ್ನು ಕಂಡದ್ದು ಮೇಷ್ಟರು. ನರ್ಸಮ್ಮನಿಗೆ ದೊಡ್ಡ ಚೀಲ ಕೊಡದೆ ಇದ್ದದ್ದು ಅವಳ ಬಡತನಕ್ಕಲ್ಲ, ದೊಡ್ಡ ಚೀಲ ತರಿಸುವ ಶಕ್ತಿ ಅವನಿಗೇ ಇರಲಿಲ್ಲ.

"ಖಾಲಿ ಅಂತ ಗೊತ್ತಾದ್ರೆ ಆ ಅಂಗಡಿಗೆ ಯಾರು ಬರ್ತಾರೆ, ದೊಡ್ಡಮ್ಮ," ಎಂದ ಸಾಹುಕಾರ, ಚಾವಣಿಯ ದೀಪ ನೋಡುತ್ತಾ. "ಇಲ್ಲಿ ಕೂತು ಜಂಭ ಕೊಚ್ಚಿದ್ರೆ ನಾಲ್ಕು ಮಂದಿಗೆ ಸುದ್ದಿ ಹೋಗಲಿ ಅಂತಿದ್ದೆ. ಅಷ್ಟೇ ಇದ್ದದ್ದು. ಇವನು ಮಗಳ ಕಾಲೇಜಿನ ದುಡ್ಡು ತಂದು ಸುರಿದ ದಿನದಿಂದ ಅನ್ನ ಇಳಿದಿಲ್ಲ. ಬಾಯಿಬಿಟ್ಟು ಹೇಳೋಕೆ ನಾಲಿಗೆ ಬರಲಿಲ್ಲ. ಅದಕ್ಕೆ ಮಾರಿದೆ. ಆ ಹಾಳು ಪೇಟೆ ಏರುತ್ತೆ ಅಂತ ಯಾರಿಗೆ ಗೊತ್ತಿತ್ತು."

"ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ," ಎಂದ ಡ್ರೈವರ್. ಮುಷ್ಟಿ ಬಿಗಿದಿತ್ತು, ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿಗೆ ಇಳಿಸಿದ. "ಬೆಲೆ ಬಿದ್ದಿದ್ರೆ ನಿನ್ನ ಕಾಲು ಹಿಡಿತಿದ್ದೆ. ಏರಿದೆ ಅಂತ ಹೊಡೆಯೋಕೆ ಆಗುತ್ತಾ? ಅದಿರಲಿ. ಈಯಮ್ಮನ್ನ ಬೈತಿದ್ದಾಗ ಸುಮ್ಮನೆ ನಿಂತಿದ್ದೆಯಲ್ಲ, ಅದಕ್ಕೆ ಏನಂತೀಯ?"

ಡಾಕ್ಟರು ನರ್ಸಮ್ಮನ ಕಡೆ ತಿರುಗಿ, ತಪ್ಪಾಯಿತು, ಆತುರಪಟ್ಟೆ, ಸಂಬಳ ಹೆಚ್ಚಿಸುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದರು.

ಅವಳು ಕೈ ಒರೆಸಿಕೊಂಡಳು. "ಒಳಗೆ ಹೇಳಿದ್ರೆ ಏನು ಬಂತು ಡಾಕ್ಟ್ರೇ? ಬೆಳಿಗ್ಗೆ ಅಂದಿದ್ದು ಹೊರಗೆ."

ಡಾಕ್ಟರು ಎದ್ದರು. ಸಾಹುಕಾರ ಅವರ ತೋಳು ಹಿಡಿದ. "ನೀವು ಹೇಳಿದ್ರೆ ಈಯಮ್ಮನ್ನ ಉಳಿಸೋಕೆ ಹೇಳ್ತಿದ್ದೀರಿ ಅಂತಾರೆ. ಯಾರು ಮಾಡಿದ್ದು ಅಂತ ಗೊತ್ತಾಗೋವರೆಗೂ ಜನ ಬಿಡಲ್ಲ."

ಅವನು ಕುರ್ಚಿಯಿಂದ ಇಳಿದ. ಹೊರಗೆ ಕೂತವರೆಲ್ಲ ಅವನ ಅಂಗಡಿಯ ಗಿರಾಕಿಗಳೇ ಎಂಬುದು ಮೇಷ್ಟರಿಗೆ ಆಗಷ್ಟೇ ಹೊಳೆಯಿತು. ಅಂಗಡಿ ಖಾಲಿ ಎಂಬ ಸುದ್ದಿ ನಾಳೆಯೊಳಗೆ ಮಾಲು ಕೊಡುವವರ ಕಿವಿಗೂ ಬೀಳುತ್ತದೆ. ತಡೆಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟರು. ದೊಡ್ಡಮ್ಮ ಅವರ ಅಂಗಿಯ ತುದಿ ಹಿಡಿದು ನಿಲ್ಲಿಸಿದರು. ಸಾಹುಕಾರ ಬಾಗಿಲು ತೆರೆದ.

"ಬೆಳಿಗ್ಗೆ ಡಾಕ್ಟ್ರು ಹೇಳಿದ್ರಲ್ಲ, ಷೇರು ಮಾರಿದಾರೆ ಅಂತ. ಮಾರಿದ್ದು ನಾನು. ಈಯಮ್ಮ ಕೈಯಿಂದಲೂ ಮುಟ್ಟಿಲ್ಲ. ನನ್ನ ಅಂಗಡೀಲಿ ವ್ಯಾಪಾರ ಇಲ್ಲ. ಇದೆ ಅಂತ ಇವರಿಗೆ ಸುಳ್ಳು ಹೇಳಿದ್ದೆ. ಅದನ್ನ ಮುಚ್ಚಿಕೊಳ್ಳೋಕೆ ಮಾರಿದೆ."

ದವಡೆ ಊದಿದವನೊಬ್ಬ ಕೆನ್ನೆಯ ಮೇಲಿನ ಕೈ ತೆಗೆದ. ಹೊಸ ಹಲ್ಲಿನ ಸೆಟ್ಟಿಗಾಗಿ ಕಾದಿದ್ದ ಅಜ್ಜಿ ಬೊಚ್ಚು ಬಾಯಲ್ಲೇ ಮಾತಾಡಿತು.

"ವ್ಯಾಪಾರ ಇಲ್ಲ ಅನ್ನೋದು ನಮಗೆ ಗೊತ್ತಿಲ್ವೇನಪ್ಪ? ಮಾಡಬೇಕಾದವರು ನಾವಲ್ವಾ. ದೊಡ್ಡ ಸಾಮಾನೆಲ್ಲ ಬೇರೆ ಕಡೆಯಿಂದ ತಂದು, ನಿನಗೆ ಬೇಜಾರಾಗಬಾರ್ದು ಅಂತ ನಿನ್ನ ಹತ್ರ ಬಂದು ಬೆಂಕಿಪೊಟ್ಟಣ ಕೇಳ್ತಿದ್ವಿ."

ಪಕ್ಕದವರು ತಲೆಯಾಡಿಸಿದರು. ದಿನಾ ಬೆಳಿಗ್ಗೆ ಇದೇ ಕೋಣೆಯಲ್ಲಿ ಕೂತು ಜನ ಕೊಳ್ಳುತ್ತಿದ್ದಾರೆಯೇ ಎಂದು ತಲೆ ಕೆಡಿಸಿಕೊಂಡಿದ್ದ ನಾಲ್ವರೂ ನೆಲ ನೋಡಿದರು.

ನರ್ಸಮ್ಮ ಅಜ್ಜಿಯ ಎದುರಿಗೆ ಬಂದು ನಿಂತಳು. "ಮತ್ತೆ ನನ್ನ ವಿಷಯ, ಅಜ್ಜಿ? ನಾನು ಕದ್ದಿಲ್ಲ ಅನ್ನೋದೂ ಗೊತ್ತಿತ್ತಾ?"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಿತು. "ಇಲ್ಲ ಮಗಳೇ. ಬೆಳಿಗ್ಗೆ ನಂಬಿಬಿಟ್ಟಿದ್ದೆ."

"ಈಗ?"

"ಈಗ ಇಲ್ಲ. ಮನೆಗೆ ಹೋಗಿ ಸೊಸೆಗೂ ಹೇಳ್ತೀನಿ. ಮಧ್ಯಾಹ್ನ ಅವಳಿಗೆ ಬೇರೆ ಥರ ಹೇಳಿದ್ದೆ."

"ಮರೀದೆ ಹೇಳಿ," ಎಂದಳು ನರ್ಸಮ್ಮ. ಆಮೇಲೆ ಅಜ್ಜಿಯ ಕೈ ಹಿಡಿದು ಎಬ್ಬಿಸಿ, ಬಾಗಿಲಿಗಡ್ಡ ನಿಂತಿದ್ದ ಡಾಕ್ಟರಿಗೆ ದಾರಿ ಬಿಡಿ ಎಂದು ಹೇಳಿ, ಒಳಗೆ ಕರೆದುಕೊಂಡು ಹೋದಳು.