ಒಡೆಯದೆ ಹೂತಿಟ್ಟ ಬಳೆ

"ಸತ್ತೋರ ಸಾಮಾನು ಒಡೆದೇ ಹೂಳೋದು ಅಯ್ಯಾ. ಈ ಬಳೆ ಒಡೆದಿಲ್ಲ. ಮಾಟ ಮಾಡಿ ಯಾರದೋ ಜೀವಾನ ಇದ್ರಲ್ಲಿ ಕಟ್ಟಿಟ್ಟಿದಾರೆ. ಅಲ್ಲೇ ಹಾಕ್ಬಿಡಿ," ಎಂದಳು ಬೆಳ್ಳಮ್ಮ.

ವೆಂಕಟ್ರಮಣ ನಕ್ಕುಬಿಟ್ಟ. ಅಣೆಕಟ್ಟಿನ ನೀರು ಬ್ಯಾಕೋಡಿನ ತಗ್ಗನ್ನೆಲ್ಲ ನುಂಗುವ ಮೊದಲು ಹಳೆಯ ಗೋರಿಗಳನ್ನು ಅಗೆದು ನೋಡಲು ಮೈಸೂರಿನಿಂದ ಬಂದ ಪುರಾತತ್ವದವನು ಅವನು. ಬೆಳ್ಳಮ್ಮ ಅವನಿಗೆ ಬಿಡಾರ ಕೊಟ್ಟ ರೈತರ ಮನೆಯಾಕೆ. ಗೋರಿಯೊಳಗೆ ಗಡಿಗೆ, ಕುಡುಗೋಲು ಎಲ್ಲವನ್ನೂ ಬೇಕೆಂದೇ ಮುರಿದು ಇಟ್ಟಿದ್ದರು. ಶಂಖದ ಬಳೆಯೊಂದೇ ಇಡಿಯಾಗಿತ್ತು. ಎಲುಬು ಮಾತ್ರ ಒಂದೂ ಇರಲಿಲ್ಲ. ಇದ್ದಿದ್ದರೆ, ಯಾರ ಕೈಯಲ್ಲಿದೆಯೋ ಅವರದೇ ಬಳೆ ಎಂದು ಬರೆದು ಮುಗಿಸುತ್ತಿದ್ದ. ಅವನ ವಿದ್ಯೆ ಒಡೆತನವನ್ನು ತೀರ್ಮಾನಿಸುತ್ತಿದ್ದುದೇ ಹಾಗೆ.

ಮಧ್ಯಾಹ್ನ ಬಿಡಾರದಲ್ಲಿ ಆ ಬಳೆಯನ್ನು ಹೆಂಡತಿ ಯಮುನಳ ಕೈಗೆ ತೊಡಿಸಿದ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಅವನಿಗೆ ಅವಳೆಂದರೆ ಪ್ರಾಣ. ಅವಳು ಹಿಂಜರಿದಳು.

"ಯಾರ ಕೈಯಲ್ಲಿದೆಯೋ ಅವರದ್ದು ಕಣೆ. ಇನ್ನು ಇದು ನಿನ್ನದು," ಎಂದು ಚೇಷ್ಟೆ ಮಾಡಿದ. ದೊಡ್ಡ ಪಂಡಿತ, ಮಾತಿಗೇನು ಬರ!

ತೊಡಿಸುವಾಗ ಸಡಿಲವಾಗಿದ್ದ ಬಳೆ ಊಟಕ್ಕೆ ಕೂತಾಗ ಬಿಗಿಯತೊಡಗಿತು. ಕೋಣೆಯಲ್ಲಿ ಹಸಿಮಣ್ಣಿನ ವಾಸನೆ, ಅದರ ಜೊತೆಗೆ ಏನೋ ಕೊಳೆತ ನಾತ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಕತ್ತಲೆ ಕವಿಯಿತು. ಮುಂಗೈ ಊದಿ ನೀಲಿಗಟ್ಟಿತು. ಸೋಪು ಹಚ್ಚಿದರು. ಎಣ್ಣೆ ಸುರಿದರು. ಬಳೆ ಮಾಂಸದೊಳಕ್ಕೆ ಇಳಿಯುತ್ತಲೇ ಇತ್ತು. ಅದರೊಳಗಿಂದ ಉಸಿರಾಟದ ಸದ್ದು. ಯಮುನ ಉಸಿರೆಳೆದಾಗ ಅದೂ ಎಳೆಯುತ್ತಿತ್ತು.

ವೆಂಕಟ್ರಮಣ ಸುತ್ತಿಗೆ ತಂದ. ಬೆಳ್ಳಮ್ಮ ಓಡಿಬಂದು ಅವನ ತೋಳು ಹಿಡಿದಳು.

"ಒಡೀಬೇಡಿ. ಈಗ ಅದ್ರಲ್ಲಿರೋದು ಅಮ್ಮಾವ್ರ ಜೀವ. ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಕೈ ಹೋದ್ರೆ ಹೋಗ್ಲಿ."

ಅವನಿಗೆ ಸಿಟ್ಟು ನೆತ್ತಿಗೇರಿತು. ಒಂದು ಚಿಪ್ಪಿನ ಚೂರಿಗಾಗಿ ಹೆಂಡತಿಯ ಕೈ ಕಡಿಸುವುದೇ? ಬೆಳ್ಳಮ್ಮನನ್ನು ಕೊಡವಿ ತಳ್ಳಿದ. ಯಮುನ ತಾನಾಗಿಯೇ ಕೈಯನ್ನು ಗೋಡೆಯ ಬದಿಯ ಅರೆಯುವ ಕಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿದಳು.

"ಬೇಗ ಒಡೀರಿ," ಎಂದಳು. ಪಾಪ, ಗಂಡನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಒಂದೇ ಏಟು. ಬಳೆ ಎರಡು ಹೋಳಾಯಿತು. ಊತ ಇಳಿಯಿತು. ನಾತ ಹೋಯಿತು. ಬೆಳಕು ಬಂತು. ಈಗೇನು ಹೇಳುತ್ತೀ ಎನ್ನುವಂತೆ ಅವನು ಬೆಳ್ಳಮ್ಮನತ್ತ ತಿರುಗಿದ. ಆಕೆ ಅವನನ್ನು ನೋಡುತ್ತಿರಲಿಲ್ಲ.

ಯಮುನಳ ತಲೆ ಗೋಡೆಗೆ ವಾಲಿತ್ತು. ಬಾಯಿ ಅರೆತೆರೆದಿತ್ತು. ಉಸಿರಿರಲಿಲ್ಲ. ಹೆಸರು ಹಿಡಿದು ಕರೆದ. ಭುಜ ಹಿಡಿದು ಅಲುಗಾಡಿಸಿದ. ಅವನು ಉಳಿಸಿಕೊಂಡ ಕೈ ಕಲ್ಲಿನ ಮೇಲೆ ಹಾಗೇ ಇತ್ತು, ಒಂದು ಗೀರೂ ಇಲ್ಲದೆ.