ಹೊಳೆದಂಡೆಯ ಮೂರು ಕಲ್ಲು

ಪಂಪಮ್ಮನ ಮನೆಯನ್ನು ಕೊಟ್ರಪ್ಪ ಕಾಲಿನಿಂದಲೇ ಕೆಡವಿಬಿಟ್ಟ!

ಮನೆಯೆಂದರೆ ಒಂದರ ಮೇಲೊಂದಿಟ್ಟ ಮೂರು ಕಲ್ಲು. ಆನೆಗೊಂದಿಯ ಹೊಳೆದಂಡೆಗೆ ಅರವತ್ನಾಲ್ಕು ಕಂಬದ ಮಂಟಪ ನೋಡಲು ಬಂದವರು, ತಮಗೂ ಒಂದು ಮನೆಯಾಗಲಿ ಎಂದು ಬೇಡಿಕೊಂಡು ಹಾಗೆ ಕಲ್ಲು ಪೇರಿಸಿ ಹೋಗುವುದು ರೂಢಿ. ಯಲಬುರ್ಗದ ಕೊಟ್ರಪ್ಪನಿಗೆ ಅದೆಲ್ಲಿ ಗೊತ್ತು? ನಿಜಾಮ ಸರ್ಕಾರದ ಕೆಲಸಕ್ಕೆ ಮಂಟಪದ ನಕ್ಷೆ ಬರೆಯಲು ಬಂದವನು. ಟೇಪು ಹಿಡಿದು ಹಿಂದೆ ಹಿಂದೆ ಸರಿದ, ಕಲ್ಲು ಉರುಳಿದವು.

ಮಜ್ಜಿಗೆ ಚರಿಗೆ ಹಿಡಿದು ಬಂದ ಪಂಪಮ್ಮ ಅಲ್ಲೇ ನಿಂತಳು. ಹನ್ನೆರಡು ದಿನದಿಂದ ಅವನಿಗೆ ಮಜ್ಜಿಗೆ ತರುವವಳು ಅವಳೇ. ಕೊಡುವಾಗ ಅವನು ತಲೆಯೆತ್ತಿ ನೋಡುತ್ತಿದ್ದ, ಅವಳು ಕಂಬ ಎಣಿಸುವವಳ ಹಾಗೆ ಅತ್ತ ತಿರುಗುತ್ತಿದ್ದಳು. ಎಣಿಕೆ ಒಂದು ದಿನವೂ ಅರವತ್ನಾಲ್ಕು ಮುಟ್ಟಿರಲಿಲ್ಲ.

ನಾಳೆ ಅವನು ಇಟಗಿಯ ಗುಡಿಗೆ ಹೊರಡುವವನು. ಸೋಮವಾರ ಕುಷ್ಟಗಿಯವರು ಅವಳನ್ನು ನೋಡಲು ಬರುತ್ತಾರೆ. ಅಪ್ಪ ಅಂದಪ್ಪ ಹೂಂ ಅಂದರೆ ಮುಗಿಯಿತು.

"ಕಣ್ಣು ಎಲ್ಲಿಟ್ಟಿದ್ರಿ? ನನ್ನ ಮನಿ ಕೆಡವಿದ್ರಲ್ರಿ!"

ಅವಳು ರೂಢಿಯನ್ನು ಬಿಡಿಸಿ ಹೇಳಿದಾಗ ಅವನ ಮುಖ ಸಪ್ಪಗಾಯಿತು. "ತಪ್ಪಾತ್ರಿ. ಈಗಿಂದೀಗ ಕಟ್ಟಿಕೊಡ್ತೀನಿ" ಎಂದು ಕೂತ. ಕಲ್ಲಿಗೂ ಟೇಪು ಹಿಡಿದ, ಪುಣ್ಯಾತ್ಮ! ಎರಡು ಸಲ ಇಟ್ಟ, ಎರಡು ಸಲವೂ ಬಿದ್ದವು. ಪಂಪಮ್ಮನಿಗೆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ.

"ಸರ್ಕಾರದ ಅಳತಿಗೆ ಮನಿ ನಿಂದರಂಗಿಲ್ರಿ. ಮತ್ತ ನೋಡ್ರಿ, ಇನ್ನೊಬ್ಬರ ಮನಿಗೆ ಕಲ್ಲಿಟ್ಟವರು ಆ ಮನ್ಯಾಗ ಇರಬೇಕಾಗತೈತಿ."

"ಹಂಗೂ ರೂಢಿ ಐತೇನ್ರಿ?"

"ಇಲ್ಲ. ಈಗ ನಾ ಮಾಡೀನಿ."

ಅವನ ಕೈ ನಿಂತಿತು. "ಯಾರ ಜೋಡಿ ಇರೋ ಮನಿ ಬೇಡಿದ್ರಿ?"

ನಾಚಿಕೊಂಡು ಕೂತರೆ ಸೋಮವಾರ ಬಂದೇಬಿಡುತ್ತದೆ. ಅವಳು ಈ ಸಲ ಕಂಬದ ಕಡೆ ತಿರುಗಲಿಲ್ಲ. "ನಿಮ್ಮ ಜೋಡೀನ" ಎಂದಳು.

ಕೊಟ್ರಪ್ಪ ಟೇಪು ಬದಿಗಿಟ್ಟ. ಒಂದು ಕಲ್ಲು ಊರಿದ, ಅದರ ಮೇಲೆ ಇನ್ನೊಂದು. ಅಲುಗಲಿಲ್ಲ.

"ಬಂದ ದಿನಾನ ನನ್ನ ಮನಸು ಇಲ್ಲೇ ಕುಂತೈತಿ. ಹೇಳಾಕ ಧೈರ್ಯ ಇರಲಿಲ್ಲ. ಮೂರನೇದು ನೀ ಇಡು, ಪಂಪಾ."

'ನೀವು' ಹೋಗಿ 'ನೀ' ಬಂದಿತ್ತು. ಅವಳು ಮೂರನೇ ಕಲ್ಲನ್ನು ಕೈಗೆತ್ತಿಕೊಂಡಳು, ಆದರೆ ಇಡಲಿಲ್ಲ.

"ಮೊದಲು ಅಪ್ಪನ್ನ ಕೇಳಿ ಬರ್ರಿ. ಬಾಳಿ ತ್ವಾಟದಾಗ ಅದಾನ."

ಅವನು ಹೋದ. ಮಜ್ಜಿಗೆ ಕುಡಿಯುವುದನ್ನೂ ಮರೆತು ಹೋದ. ಬಿಸಿಲೇರಿತು, ಅವಳ ಕೈಯ ಕಲ್ಲು ಬೆಚ್ಚಗಾಯಿತು. ಅಪ್ಪ ಒಪ್ಪುತ್ತಾನೆ, ಒಪ್ಪದೆ ಎಲ್ಲಿ ಹೋಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಕೊನೆಗೆ ಇಬ್ಬರೂ ಬಂದರು. ಕೊಟ್ರಪ್ಪನ ಹೆಗಲ ಮೇಲೆ ಅಪ್ಪನ ಬಾಳೆಗೊನೆಯಿತ್ತು.

"ಇವರ ಅಜ್ಜನ ಮನ್ಯಾಗ ನಾ ಉಂಡೀನಿ, ಛಲೋ ಮನತನ" ಎಂದ ಅಂದಪ್ಪ, ಮಗಳನ್ನು ದಿಟ್ಟಿಸಿದ. "ಆದ್ರ ಕುಷ್ಟಗಿ ಮಂದಿಗೆ ಏನಂತ ಹೇಳ್ಲಿ?"

"ಮನಿ ಕಟ್ಟಿ ಆಗೇತಿ ಅಂತ ಹೇಳಪ್ಪ."

"ಎಲ್ಲಿ ಆಗೇತಿ? ಮ್ಯಾಲಿನ ಕಲ್ಲು ಇನ್ನೂ ನಿನ್ನ ಕೈಯಾಗ ಐತಿ. ಇಡವ್ವಾ!"